ಮೇಜಿನ ಕೆಳಗಿನ ರಿಪೇರಿ

ಮೊನ್ನೆ ಅಟ್ಟದ ಮೇಲಿನ ಪೆಟ್ಟಿಗೆ ಖಾಲಿ ಮಾಡುವಾಗ ಒಂದು ಕೇಬಲ್ ಕೈಗೆ ಬಂತು. ಈಗಿನ ಕೇಬಲ್ಲುಗಳಂತೆ ಬಳುಕುವ ಜಾತಿಯದಲ್ಲ. ಹೆಬ್ಬೆರಳಿನಷ್ಟು ದಪ್ಪ, ಬೂದು ಬಣ್ಣ, ಒಂದು ತುದಿಯಲ್ಲಿ ಸಣ್ಣ ಸೂಜಿಗಳ ಸಾಲು, ಅದರ ಅಕ್ಕಪಕ್ಕ ಕೈಯಲ್ಲೇ ತಿರುಗಿಸುವ ಎರಡು ತಿರುಪು. ಇಷ್ಟು ವರ್ಷ ಸುತ್ತಿಟ್ಟಿದ್ದರಿಂದ ಬಿಚ್ಚಿದರೂ ಸುರುಳಿಯಾಗಿಯೇ ನಿಲ್ಲುತ್ತಿತ್ತು. ಹೆಂಡತಿ ಕೆಳಗಿನಿಂದ, "ಅದು ಬೇಕಾ, ಬಿಸಾಡೋದಾ?" ಎಂದು ಕೇಳಿದಳು. ನಾನು ಅದನ್ನು ತಿರುಗಿಸಿ ಮುರುಗಿಸಿ ನೋಡುತ್ತ ಕೂತೆ. ಅಷ್ಟರಲ್ಲಿ ಅವಳು ಬೇರೆ ಕೆಲಸಕ್ಕೆ ಹೋದಳು.

ಹಳೆಯ ಪ್ರಿಂಟರನ್ನು ಕಂಪ್ಯೂಟರಿಗೆ ಜೋಡಿಸುತ್ತಿದ್ದ ಕೇಬಲ್ ಅದು. ನಿಮ್ಮಲ್ಲಿ ಚಿಕ್ಕ ವಯಸ್ಸಿನವರು ಅದನ್ನು ನೋಡಿರಲಿಕ್ಕಿಲ್ಲ, ನೋಡದೆ ಇದ್ದದ್ದರಿಂದ ನಷ್ಟವೇನೂ ಆಗಿಲ್ಲ.

ಎರಡು ಸಾವಿರದ ನಂತರದ ಆ ವರ್ಷಗಳಲ್ಲಿ ನಾನು ಕೊಚ್ಚಿಯ ವಿಲ್ಲಿಂಗ್ಡನ್ ಐಲ್ಯಾಂಡಿನಲ್ಲಿದ್ದ ಕೇಂದ್ರ ಸರ್ಕಾರದ ಒಂದು ಕಚೇರಿಯಲ್ಲಿ ಕೆಲಸಕ್ಕಿದ್ದೆ. ಮೈಸೂರಿನವನು, ಮದುವೆಯಾಗಿರಲಿಲ್ಲ, ಸಂಜೆಗಳು ಧಾರಾಳವಾಗಿದ್ದವು. ಕಚೇರಿಗೆ ಹೊಸ ಕಂಪ್ಯೂಟರುಗಳು ಬರುತ್ತಿದ್ದವು, ಹಳೆಯ ಪ್ರಿಂಟರುಗಳು ಹಾಗೆಯೇ ಉಳಿಯುತ್ತಿದ್ದವು. ಹೊಸ ಸಾಹೇಬರು ಬಂದು ಹಳೆಯ ಗುಮಾಸ್ತನನ್ನು "ನೀವು ಯಾರು?" ಎಂದು ಕೇಳುವ ಹಾಗೆ, ಹೊಸ ಆಪರೇಟಿಂಗ್ ಸಿಸ್ಟಂ ಹಳೆಯ ಪ್ರಿಂಟರನ್ನು ಗುರುತೇ ಇಲ್ಲ ಎನ್ನುತ್ತಿತ್ತು. ಯಂತ್ರಕ್ಕೆ ಏನೂ ಆಗಿರುತ್ತಿರಲಿಲ್ಲ. ಅದನ್ನು ಮಾತಾಡಿಸುವ ಡ್ರೈವರ್ ಎಂಬ ಸಣ್ಣ ತಂತ್ರಾಂಶವನ್ನು ಕಂಪನಿಯವರು ಹೊಸದಕ್ಕೆ ಬರೆದಿರುತ್ತಿರಲಿಲ್ಲ, ಅಷ್ಟೆ. ನಾನು ಕಂಡುಕೊಂಡಿದ್ದ ಉಪಾಯವೆಂದರೆ ಸುಳ್ಳು ಹೇಳುವುದು. ಅದೇ ಕಂಪನಿಯ, ಸ್ವಲ್ಪ ಈಚಿನ ಇನ್ನೊಂದು ಮಾದರಿಯ ಡ್ರೈವರ್ ಹಾಕಿ, ಇದು ಅದೇ ಎಂದು ಕಂಪ್ಯೂಟರನ್ನು ನಂಬಿಸುವುದು. ತಮ್ಮನ ಹೆಸರು ಹೇಳಿ ಅಣ್ಣನನ್ನು ಒಳಗೆ ಬಿಡಿಸಿದ ಹಾಗೆ. ಹತ್ತರಲ್ಲಿ ಆರೇಳು ಸಲ ಬಾಗಿಲು ತೆರೆಯುತ್ತಿತ್ತು. ಉಳಿದ ಸಲ ಯಂತ್ರ ಕಾಗದದ ಮೇಲೆ ಅರ್ಥವಿಲ್ಲದ ಚಿಹ್ನೆಗಳನ್ನು ಉಗುಳಿ, ಕಟ್ಟೆಲ್ಲ ಮುಗಿಯುವವರೆಗೂ ನಿಲ್ಲುತ್ತಿರಲಿಲ್ಲ.

ಆರೇಳು ಸಲ ಗೆದ್ದದ್ದಕ್ಕೆ ನನಗೊಂದು ಹೆಸರು ಬಂದಿತ್ತು. ಮಲಯಾಳಿ ಸಹೋದ್ಯೋಗಿಗಳು 'ಪ್ರಿಂಟರ್ ಡಾಕ್ಟರ್' ಎನ್ನುತ್ತಿದ್ದರು. ತಮಾಷೆಗೆ ಎನ್ನುತ್ತಿದ್ದಾರೆಂದು ಗೊತ್ತಿದ್ದೂ ನಾನು ಒಳಗೊಳಗೇ ಹಿಗ್ಗುತ್ತಿದ್ದೆ. ಊರಿನಲ್ಲಿ ಯಾರೂ ನನ್ನನ್ನು ಯಾವುದಕ್ಕೂ ಡಾಕ್ಟರ್ ಎಂದು ಕರೆದಿರಲಿಲ್ಲ.

ನಾನಿದ್ದದ್ದು ತ್ರಿಪ್ಪುಣಿತ್ತುರದಲ್ಲಿ, ಮೂರು ಮಹಡಿಯ ಒಂದು ಕಟ್ಟಡದ ಮೇಲಿನ ಮಹಡಿಯಲ್ಲಿ. ನನ್ನ ಕೆಳಗಿನ ಮನೆಯಲ್ಲಿ ಬಸವರಾಜ ಇದ್ದರು. ಧಾರವಾಡದವರು, ನಮ್ಮದೇ ಕಚೇರಿಯ ಇನ್ನೊಂದು ವಿಭಾಗದವರು. ಹೆಂಡತಿ ಗಿರಿಜಾ ಬ್ಯಾಂಕಿನಲ್ಲಿ ಅಧಿಕಾರಿ. ಒಬ್ಬಳೇ ಮಗಳು ಮುಕ್ತಾ, ಮೂರನೆಯ ತರಗತಿ. ಗಿರಿಜಾ ಅವರಿಗೆ ಬಡ್ತಿ ಬಂತು, ಅದರ ಬೆನ್ನಿಗೇ ತಿರುವನಂತಪುರಕ್ಕೆ ವರ್ಗವೂ ಬಂತು. ಚಾಲೈ ಪೇಟೆಯ ಹತ್ತಿರದ ಶಾಖೆ. ಹುಡುಗಿಯ ಶಾಲೆ ಬಿಡಿಸುವುದು ಬೇಡವೆಂದು ಅಪ್ಪ ಮಗಳು ಇಲ್ಲೇ ಉಳಿದರು. ತಾಯಿ ಅಲ್ಲೊಂದು ಕೋಣೆ ಹಿಡಿದು, ಶುಕ್ರವಾರ ಸಂಜೆಯ ರೈಲು ಹತ್ತಿ ಬಂದು, ಸೋಮವಾರ ಬೆಳಗಿನ ರೈಲಿಗೆ ಹೋಗುತ್ತಿದ್ದರು. ಬ್ಯಾಂಕಿನವರ ಸಂಸಾರ ನೋಡಿದವರಿಗೆ ಇದರಲ್ಲಿ ಹೊಸದೇನೂ ಕಾಣಿಸದು.

ಮುಕ್ತಾಳಿಗೆ ಕನ್ನಡ ಪೂರ್ತಿ ಅರ್ಥವಾಗುತ್ತಿತ್ತು. ಉತ್ತರ ಮಾತ್ರ ಮಲಯಾಳದಲ್ಲಿ. ಅಪ್ಪ, "ಊಟ ಆತೇನು?" ಎಂದರೆ, "ಕಳಿಞ್ಞು," ಎನ್ನುತ್ತಿದ್ದಳು, ಮುಗೀತು ಎಂದು. ಬಸವರಾಜರಿಗೆ ಅದು ದೊಡ್ಡ ವಿಷಯವಲ್ಲ. ಗಿರಿಜಾ ಅವರಿಗೆ ಬಹಳ ದೊಡ್ಡ ವಿಷಯ. ಆದ್ದರಿಂದ ಹೋಗುವಾಗ ಒಂದು ವ್ಯವಸ್ಥೆ ಮಾಡಿ ಹೋಗಿದ್ದರು. ಮಗಳು ದಿನಾ ಸಂಜೆ ಕನ್ನಡದಲ್ಲಿ ಒಂದು ಪುಟ ಬರೆಯಬೇಕು. ಅಪ್ಪ ಅದನ್ನು ಮನೆಯ ಯಂತ್ರದಲ್ಲಿ ಸ್ಕ್ಯಾನ್ ಮಾಡಿ ಮೇಲ್ ಮಾಡಬೇಕು. ತಾಯಿ ಬ್ಯಾಂಕ್ ಮುಗಿಸಿ ಚಾಲೈಯ ಈರುಳ್ಳಿ ಮೂಟೆಗಳ ನಡುವೆ ನಡೆದು, ಪಾತ್ರೆ ಅಂಗಡಿಯ ಮೇಲಿನ ಇಂಟರ್‌ನೆಟ್ ಅಂಗಡಿಗೆ ಹೋಗಿ, ಪುಟವನ್ನು ಅಚ್ಚು ಹಾಕಿಸಿ, ಕೋಣೆಗೆ ತಂದು ಕೆಂಪು ಪೆನ್ನಿನಲ್ಲಿ ತಿದ್ದಿ, ವಾರದ ಕಂತೆಯನ್ನು ಶುಕ್ರವಾರ ಹೊತ್ತು ತರುವುದು.

ಆ ಯಂತ್ರದ ಬಗ್ಗೆ ಒಂದು ಮಾತು ಹೇಳಬೇಕು. ಅಚ್ಚು ಹಾಕುತ್ತಿತ್ತು, ನಕಲು ತೆಗೆಯುತ್ತಿತ್ತು, ಸ್ಕ್ಯಾನ್ ಮಾಡುತ್ತಿತ್ತು, ಬೇಕೆಂದರೆ ಫ್ಯಾಕ್ಸನ್ನೂ ಕಳಿಸುತ್ತಿತ್ತು. ಇಷ್ಟೆಲ್ಲ ಮಾಡುವುದರಿಂದಲೋ ಏನೋ, ಪ್ರತಿ ಕೆಲಸಕ್ಕೆ ಮುಂಚೆ ಗಂಟಲು ಸರಿಮಾಡಿಕೊಳ್ಳುವಂತೆ ಅರ್ಧ ನಿಮಿಷ ಗೊರಗೊರ ಎನ್ನುತ್ತಿತ್ತು. ಬಸವರಾಜರಿಗೆ ಅದರ ಮೇಲೆ ಎತ್ತಿನ ಮೇಲಿರುವಷ್ಟು ಅಭಿಮಾನ. ಪ್ರತಿ ವರ್ಷ ಆಯುಧಪೂಜೆಗೆ ಅದಕ್ಕೆ ವಿಭೂತಿ ಹಚ್ಚಿ, ಹೂ ಏರಿಸಿ, ನಿಂಬೆಹಣ್ಣು ಇಡುತ್ತಿದ್ದರು.

ಎಡವಟ್ಟಾದದ್ದೂ ಆಯುಧಪೂಜೆಯಂದೇ. ಆ ವರ್ಷ ಬಸವರಾಜ ಹೊಸ ಕಂಪ್ಯೂಟರ್ ತಂದರು. ಒಳ್ಳೆಯ ದಿನ, ಹೊಸ ಆಪರೇಟಿಂಗ್ ಸಿಸ್ಟಂ ಬೇರೆ. ಹಳೆಯ ಕಂಪ್ಯೂಟರಿಗೂ ಕೊನೆಯ ಪೂಜೆ ಮಾಡಿ, ಅದೇ ದಿನ ವೈಪಿನ್ ದ್ವೀಪದ ಒಂದು ಬಡ ಶಾಲೆಗೆ ದಾನ ಕೊಟ್ಟುಬಿಟ್ಟರು. ಕೇರಳದ ಪದ್ಧತಿಯಂತೆ ಮುಕ್ತಾಳ ಪುಸ್ತಕಗಳೂ ದೇವರ ಮುಂದೆ ಪೂಜೆಗೆ ಕೂತಿದ್ದರಿಂದ ವಿಜಯದಶಮಿಯವರೆಗೆ ಓದುವಂತಿಲ್ಲ, ಬರೆಯುವಂತಿಲ್ಲ. ಹೀಗಾಗಿ ಸಮಸ್ಯೆ ಗೊತ್ತಾದದ್ದು ಹಬ್ಬ ಮುಗಿದ ಮೇಲೆ. ಪುಟ ಬರೆದಾಯಿತು. ಸ್ಕ್ಯಾನ್ ಮಾಡಲು ಕೂತರೆ ಹೊಸ ಕಂಪ್ಯೂಟರಿನಲ್ಲಿ ಆ ದಪ್ಪ ಕೇಬಲ್ ಸಿಕ್ಕಿಸುವ ಜಾಗವೇ ಇರಲಿಲ್ಲ.

ನನ್ನನ್ನು ಕರೆದರು. ನಾನು ಡಾಕ್ಟರನ ಠೀವಿಯಲ್ಲೇ ಇಳಿದು ಹೋದೆ.

ಮುಚ್ಚಳ ಎತ್ತಿದರೆ ಗಾಜಿನ ಮೇಲೆ ಮೂರು ಬೆರಳಿನ ವಿಭೂತಿ. ಬಸವರಾಜರ ಮುಖ ಸಣ್ಣದಾಯಿತು. "ಒಳಗ ಹಚ್ಚಬಾರದಿತ್ತೇನ್ರಿ? ಹೊರಗ ಅಷ್ಟ ಹಚ್ಚಿದ್ರ ದೇವರಿಗೆ ಸಾಲೂದಿಲ್ಲ ಅನಿಸ್ತು," ಎಂದರು. ಗಾಜು ಒರೆಸಿದೆ. ವಿಭೂತಿಯದೇನೂ ತಪ್ಪಿಲ್ಲ, ಎಲ್ಲ ಹೊಸ ಸಿಸ್ಟಂನ ಕಿತಾಪತಿ ಎಂದು ಸಮಾಧಾನ ಹೇಳಿದೆ. ಯಂತ್ರದ ಬೆನ್ನಿಗೆ ತಡವಿದಾಗ ಒಂದು ಸ್ಟಿಕ್ಕರ್ ಸಿಕ್ಕಿತು. ಅದನ್ನು ಕಿತ್ತರೆ ಕೆಳಗೆ ಹೊಸ ನಮೂನೆಯ ಸಣ್ಣ ಕೇಬಲ್ಲಿಗೂ ಒಂದು ಕಿಂಡಿ ಇತ್ತು. ಕೊಂಡಾಗಿನಿಂದ ಯಾರೂ ಕಿತ್ತಿರಲಿಲ್ಲ. "ನೋಡಿದ್ರಾ?" ಎಂದು, ಬೇಡವಾದ ದಪ್ಪ ಕೇಬಲ್ ಬಿಚ್ಚಿ ನನ್ನ ಚೀಲಕ್ಕೆ ಹಾಕಿಕೊಂಡೆ. ತಮ್ಮನ ಹೆಸರು ಹೇಳಿ ಅಣ್ಣನನ್ನು ಬಿಡಿಸಿದೆ. ಅಚ್ಚು ಬಂತು. ಗೆದ್ದೆ ಅಂದುಕೊಂಡೆ. ಆದರೆ ಸ್ಕ್ಯಾನ್ ಆಗಲೊಲ್ಲದು. ಅಚ್ಚು ಹಾಕಲು ತಮ್ಮನ ಹೆಸರು ಸಾಕು. ಸ್ಕ್ಯಾನ್ ಮಾಡಲು ಅಣ್ಣನೇ ಬೇಕೆಂದು ಕಂಪ್ಯೂಟರ್ ಹಟ ಹಿಡಿಯಿತು. ಕಂಪನಿಯ ವೆಬ್‌ಸೈಟ್ ನೋಡಿದರೆ, ಈ ಮಾದರಿಗೆ ಹೊಸ ವ್ಯವಸ್ಥೆಯಲ್ಲಿ ಬೆಂಬಲವಿಲ್ಲ, ದಯವಿಟ್ಟು ನಮ್ಮ ಹೊಸ ಯಂತ್ರಗಳನ್ನು ನೋಡಿ ಎಂದು ವಿನಯದಿಂದ ಹೇಳಿತ್ತು.

ಹಳೆಯ ಕಂಪ್ಯೂಟರನ್ನೇ ಸ್ವಲ್ಪ ದಿನಕ್ಕೆ ತರೋಣ ಎಂದೆ. ಬಸವರಾಜ ಗಾಬರಿಯಾದರು. "ಆಯುಧಪೂಜಿ ದಿನ ದಾನ ಕೊಟ್ಟದ್ದು ತಿರುಗಿ ಬೇಡಬಾರದ್ರಿ. ಹೊಸಾದು ಬೇಕಾದ್ರೂ ತರೋಣು, ಕೊಟ್ಟದ್ದು ಬ್ಯಾಡ."

ತ್ರಿಪ್ಪುಣಿತ್ತುರದ ನೆಟ್ ಅಂಗಡಿಯಲ್ಲಿ ಸ್ಕ್ಯಾನರ್ ಇರಲಿಲ್ಲವೇ ಎಂದು ನೀವು ಕೇಳುತ್ತೀರಿ. ಇತ್ತು. ಆದರೆ ಐಲ್ಯಾಂಡಿನಿಂದ ಎರಡು ಬಸ್ಸು ಬದಲಿಸಿ ಮನೆಗೆ ಬಂದು, ಮಗು ಬರೆಯುವುದನ್ನು ಕಾದು, ಮತ್ತೆ ಹೊರಡುವುದು ಬಸವರಾಜರಿಗೆ ಆಗುತ್ತಿರಲಿಲ್ಲ. ಅದಕ್ಕಿಂತ ಹೆಚ್ಚಾಗಿ, ಎರಡು ದಿನದಲ್ಲಿ ಸರಿ ಮಾಡಿಕೊಡುತ್ತೇನೆ ಎಂದು ನಾನು ಹೇಳಿಬಿಟ್ಟಿದ್ದೆ. ಡಾಕ್ಟರ್ ಮಾತು ಕೊಟ್ಟ ಮೇಲೆ ರೋಗಿಯನ್ನು ಬೇರೆಯವರ ಹತ್ತಿರ ಕರೆದೊಯ್ಯುವುದು ಮರ್ಯಾದೆಯಲ್ಲ.

ಆ ಶನಿವಾರ ಗಿರಿಜಾ ಮೆಟ್ಟಿಲ ಹತ್ತಿರ ಸಿಕ್ಕರು. "ಯಾವಾಗ ಆಗ್ತೈತ್ರಿ?" ಎಂದು ಕೇಳಿದರು. ನಾನು ಡ್ರೈವರ್, ಮಾದರಿ ಎಂದೆಲ್ಲ ವಿವರಿಸಲು ಹೊರಟೆ. ಅವರು ನಡುವೆಯೇ, "ಅವೆಲ್ಲಾ ನನಗ ತಿಳಿಯೂದಿಲ್ರಿ. ಇವ್ರನ್ನ ಕೇಳಿದ್ರ 'ಆರಾಮ ಅದಾಳ' ಅಂತಾರ. ಅಕಿನ್ನ ಕೇಳಿದ್ರ 'ಮ್' ಅಂತಾಳ. ನನಗ ಅಕಿ ಸುದ್ದಿ ಅಂದ್ರ ಆ ಪುಟ ಒಂದ," ಎಂದರು. ದೊಡ್ಡ ಧ್ವನಿಯಲ್ಲಿ ಹೇಳಲಿಲ್ಲ. ಕೈಯಲ್ಲಿದ್ದ ಸೊಪ್ಪಿನ ಚೀಲವನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿಕೊಂಡು ಹೋದರು. ಅವತ್ತು ನನಗೆ ನಾಚಿಕೆಯಾಯಿತು. ಇದು ನನ್ನ ಹೆಸರಿನ ಪ್ರಶ್ನೆ ಎಂದುಕೊಂಡಿದ್ದೆ. ಇನ್ನೊಬ್ಬರಿಗೆ ಅದು ಮಗುವಿನ ಪ್ರಶ್ನೆಯಾಗಿತ್ತು.

ಆ ಪುಟಗಳನ್ನು ನಾನೂ ನೋಡಿದ್ದೆ. "ಇಂದು ಶಾಲೆಗೆ ಹೋದೆನು. ಊಟ ಮಾಡಿದೆನು. ಆಟ ಆಡಿದೆನು." ದಿನಾ ಸುಮಾರು ಅದೇ. ತಪ್ಪಾಗಬಾರದು ಎಂಬ ಒಂದೇ ಉದ್ದೇಶದಿಂದ ಬರೆದದ್ದು. ಕೆಂಪು ಪೆನ್ನಿಗೆ ಹೆದರಿದ ಮಗು ಇನ್ನೇನು ಬರೆದೀತು? ನಾನೂ ಕಚೇರಿಯ ಟಿಪ್ಪಣಿಗಳನ್ನು ಹಾಗೆಯೇ ಬರೆಯುತ್ತಿದ್ದೆ.

ಸ್ಕ್ಯಾನರ್ ಸರಿಯಾಗುವವರೆಗೆ ಎಂದು ಗಿರಿಜಾ ಒಂದು ತಾತ್ಕಾಲಿಕ ಏರ್ಪಾಡು ಮಾಡಿದರು. ಸಂಜೆ ತಾವೇ ಫೋನ್ ಮಾಡುವುದು, ಮುಕ್ತಾ ಬರೆದ ಪುಟವನ್ನು ಓದಿ ಹೇಳುವುದು. ಫೋನ್ ಇದ್ದದ್ದು ಕಂಪ್ಯೂಟರಿನ ಮೇಜಿನ ಮೇಲೆ. ನಾನಿರುತ್ತಿದ್ದದ್ದು ಅದೇ ಮೇಜಿನ ಕೆಳಗೆ, ಅಂಗಾತ, ಬಾಯಲ್ಲಿ ಟಾರ್ಚು ಕಚ್ಚಿಕೊಂಡು. ಹೀಗಾಗಿ ಕದ್ದು ಕೇಳಿದೆ ಎಂಬ ಆರೋಪ ನನ್ನ ಮೇಲೆ ನಿಲ್ಲದು. ಬಸವರಾಜ ಸ್ಪೀಕರ್ ಹಾಕಿ ಅಡಿಗೆಮನೆಗೆ ಹೋಗುತ್ತಿದ್ದರು.

ಮೊದಲ ದಿನ ಮುಕ್ತಾ ರೈಲು ನಿಲ್ದಾಣದ ಪ್ರಕಟಣೆಯಂತೆ ಓದಿದಳು. ಮೂರು ವಾಕ್ಯ, ಮುಗಿಯಿತು. ಅತ್ತ ಕಡೆಯಿಂದ ಕೆಂಪು ಪೆನ್ನು ಬರುವಂತಿರಲಿಲ್ಲ. ಬಂದದ್ದು ಒಂದೇ ಮಾತು, "ಆಮ್ಯಾಲೆ?"

ಹುಡುಗಿ ಗೊಂದಲಕ್ಕೆ ಬಿದ್ದಳು. ಪುಟದಲ್ಲಿ ಆಮೇಲೆ ಏನೂ ಇರಲಿಲ್ಲ. ಕೊನೆಗೆ ಮಲಯಾಳದಲ್ಲಿ ಏನೋ ಹೇಳಿದಳು, ಶಾಲೆಯ ವ್ಯಾನಿನ ಚಕ್ರದ ಬಗ್ಗೆ.

"ನನಗ ತಿಳೀವಲ್ದು. ಕನ್ನಡದಾಗ ಹೇಳು," ಎಂದಿತು ಫೋನು.

ನಾನು ಟಾರ್ಚು ಕಚ್ಚಿಕೊಂಡೇ ನಕ್ಕೆ. ಗಿರಿಜಾ ಅವರ ಮಲಯಾಳ ನನ್ನದಕ್ಕಿಂತ ಚೆನ್ನಾಗಿತ್ತು. ಚಾಲೈಯ ವ್ಯಾಪಾರಿಗಳೊಡನೆ ದಿನವಿಡೀ ವ್ಯವಹರಿಸುವ ಹೆಂಗಸು. ಮನೆಯಲ್ಲಿ ಇದೇ ನಾಟಕ ಆಡಿದ್ದರೆ ಮುಕ್ತಾ ತಾಯಿಯ ಮುಖ ನೋಡಿ, ಅರ್ಥವಾಗಿದೆ ಎಂದು ಕಂಡುಹಿಡಿದು, ಮಲಯಾಳದಲ್ಲೇ ಮುಂದುವರಿಯುತ್ತಿದ್ದಳು. ಎಷ್ಟೋ ಸಲ ಹಾಗೆ ಆಗಿದ್ದನ್ನು ನಾನೇ ನೋಡಿದ್ದೆ. ಫೋನಿನಲ್ಲಿ ಮುಖ ಇರಲಿಲ್ಲ. ನಿಜವಾಗಿಯೂ ಅರ್ಥವಾಗಿಲ್ಲವೇನೋ ಎಂಬ ಸಂಶಯ ಮಗುವಿಗೆ ಬಂತು. ಸಂಶಯದ ಲಾಭ ಕನ್ನಡಕ್ಕೆ ಸಿಕ್ಕಿತು.

"ಚಕ್ರ... ಗಾಳಿ ಹೋತು," ಎಂದಳು.

"ಆಮ್ಯಾಲೆ?"

ಹೀಗೆ ಶುರುವಾಯಿತು. ನಾನು ಎರಡು ದಿನ ಎಂದದ್ದು ಎರಡು ವಾರವಾಯಿತು, ಅದನ್ನೂ ದಾಟಿತು. ಮೇಜಿನ ಮೇಲೆ ಪುಟ ಓದುವ ಭಾಗ ದಿನದಿನಕ್ಕೆ ಗಿಡ್ಡವಾಗುತ್ತ ಬಂತು, ಆಮೇಲಿನ ಭಾಗ ಬೆಳೆಯುತ್ತ ಹೋಯಿತು. ವ್ಯಾನಿನ ಡ್ರೈವರ್ ಚಕ್ರ ಬಿಚ್ಚುವಾಗ ಬೈದ ಬೈಗುಳ, ಶಾಲೆಯ ನೀರಿನ ತೊಟ್ಟಿಯಲ್ಲಿ ಸಿಕ್ಕ ಕಪ್ಪೆ, ಪಕ್ಕದ ಮನೆಯ ಚೇಚಿ, ಅಂದರೆ ಅಕ್ಕ, ಸಂಜೆ ಕೊಟ್ಟ ಪಳಂಪೊರಿ ಎಂಬ ಬಾಳೆಹಣ್ಣಿನ ಬಜ್ಜಿ, ಎಲ್ಲ ಬಂದವು. ಕನ್ನಡ ಸಿಗದಾಗ ನಡುವೆ ಮಲಯಾಳದ ಶಬ್ದ ಹಾಕುವಳು. ತಾಯಿ ಒಮ್ಮೊಮ್ಮೆ ಅರ್ಥವಾಗಿಲ್ಲ ಎನ್ನುವರು, ಒಮ್ಮೊಮ್ಮೆ ಮರೆತು ನಕ್ಕುಬಿಡುವರು. ಒಂದು ದಿನ ಮುಕ್ತಾ, ತನ್ನ ಪಕ್ಕ ಕೂರುತ್ತಿದ್ದ ಗೆಳತಿ ಬೇರೆ ಬೆಂಚಿಗೆ ಹೋದಳು, ತಾನು ಬಾತ್‌ರೂಮಿಗೆ ಹೋಗಿ ಅತ್ತೆ ಎಂದಳು. "ಯಾರಿಗೂ ಹೇಳಿಲ್ಲ," ಎಂದು ಸೇರಿಸಿದಳು. ಅವತ್ತು ನಾನು ಮೇಜಿನ ಕೆಳಗಿನಿಂದ ಸದ್ದಿಲ್ಲದೆ ತೆವಳಿ ಹೊರಬಂದು ಮೇಲಿನ ಮಹಡಿಗೆ ಹೋದೆ. ಯಂತ್ರದ ಕೆಲಸ ಮರುದಿನ ನೋಡಿಕೊಂಡೆ.

ಕೊನೆಗೂ ದಾರಿ ಸಿಕ್ಕಿತು. ಹೊಸ ಕಂಪ್ಯೂಟರಿನ ಒಳಗೇ ಹಳೆಯ ಕಂಪ್ಯೂಟರ್ ಒಂದಿದೆ ಎಂದು ಭ್ರಮೆ ಹುಟ್ಟಿಸುವ ತಂತ್ರಾಂಶಗಳಿದ್ದವು. ಅಂಥದೊಂದನ್ನು ಹಾಕಿ, ಅದರೊಳಗೆ ಹಳೆಯ ಸಿಸ್ಟಂ ಕೂರಿಸಿ, ಅದಕ್ಕೆ ಯಂತ್ರದ ಸ್ವಂತ ಡ್ರೈವರನ್ನೇ ಹಾಕಿದೆ. ಈ ಸಲ ಸುಳ್ಳು ಹೇಳಬೇಕಾಗಿರಲಿಲ್ಲ. ಅಣ್ಣ ಅಣ್ಣನಾಗಿಯೇ ಒಳಗೆ ಹೋದ. ಗಾಜಿನ ಮೇಲೆ ಅವತ್ತಿನ ಪುಟ ಇಟ್ಟೆ. ಗೊರಗೊರ ಎಂದಿತು. ದೀಪ ಹರಿಯಿತು. ಪರದೆಯ ಮೇಲೆ ಮುಕ್ತಾಳ ದುಂಡು ಅಕ್ಷರ ಮೇಲಿನಿಂದ ಕೆಳಗೆ ನಿಧಾನವಾಗಿ ಮೂಡಿತು. ನಾನು ಬಹಳ ಸಂತೋಷಪಟ್ಟೆ, ಸುಳ್ಳೇಕೆ ಹೇಳಲಿ. ಬಸವರಾಜ ಯಂತ್ರಕ್ಕೆ ಕೈ ಮುಗಿದು, ಆಮೇಲೆ ನನಗೂ ಮುಗಿದು, ತಕ್ಷಣ ಆ ಪುಟವನ್ನು ಹೆಂಡತಿಗೆ ಮೇಲ್ ಮಾಡಿಬಿಟ್ಟರು.

ಚೇಚಿಯ ಮನೆಯಿಂದ ಮುಕ್ತಾ ಆಗ ಒಳಗೆ ಬಂದಳು. ಪರದೆ ನೋಡಿದಳು. ಅವಳೂ ಕುಣಿದಾಡುತ್ತಾಳೆಂದು ನಾವಿಬ್ಬರೂ ಕಾದೆವು.

"ಆತೇನು?" ಎಂದಳು.

"ಆಯ್ತಮ್ಮ. ಇನ್ನು ಫೋನಿನಲ್ಲಿ ಓದೋ ಕಷ್ಟ ಇಲ್ಲ," ಎಂದೆ.

ಹುಡುಗಿ ಅಪ್ಪನನ್ನು ಬಿಟ್ಟು ನೇರ ನನ್ನ ಹತ್ತಿರ ಬಂದಳು. ಅದುವರೆಗೂ ನನ್ನೊಡನೆ ಕನ್ನಡದಲ್ಲಿ ಒಂದು ಪೂರ್ಣ ವಾಕ್ಯ ಆಡಿದವಳಲ್ಲ. "ಕಾಕಾ, ಅವ್ವಗ ಹೇಳಬ್ಯಾಡ್ರಿ. ಪುಟ ಹೋದ್ರ ಅವ್ವ ಫೋನ್ ಮಾಡಂಗಿಲ್ಲ," ಎಂದಳು.

ಬಸವರಾಜ ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. ಮೇಲ್ ಹೋಗಿ ಆಗಿತ್ತು. ಹೋದ ಮೇಲನ್ನು ವಾಪಸ್ ತರುವ ವಿದ್ಯೆ ನನಗೆ ಬರುತ್ತಿರಲಿಲ್ಲ.

ಫೋನು ಅವತ್ತು ಸ್ವಲ್ಪ ತಡವಾಗಿ ಬಂತು. ನೆಟ್ ಅಂಗಡಿಗೆ ಹೋಗಿ ಬಂದಿರಬೇಕು ಎಂದು ನಾನು ಲೆಕ್ಕ ಹಾಕಿದೆ. ಮುಕ್ತಾ ಎತ್ತಿದಳು. ಗಿರಿಜಾ ಅವರ ಮೊದಲ ಮಾತೇ, "ಮಷಿನ್ ಆತೇನು?"

"ಇಲ್ಲ. ಇನ್ನೂ ಆಗಿಲ್ಲ," ಎಂದಳು ಮುಕ್ತಾ. ನಂಬಿಕೆ ಬರಲೆಂದೋ ಏನೋ, "ಕಾಕಾ ಮೇಜಿನ ಕೆಳಗ ಅದಾರ," ಎಂದೂ ಸೇರಿಸಿದಳು. ನಾನು ಕುರ್ಚಿಯಲ್ಲಿ ಕೂತು ಚಹಾ ಕುಡಿಯುತ್ತಿದ್ದೆ.

"ಹಂಗಾದ್ರ ಓದು," ಎಂದರು ಗಿರಿಜಾ.

ಮೇಲ್ ನೋಡಿಲ್ಲ ಎಂದು ನಾವು ನಿಟ್ಟುಸಿರು ಬಿಟ್ಟೆವು. ಶನಿವಾರ ಬೆಳಗ್ಗೆ ಮೆಟ್ಟಿಲ ಹತ್ತಿರ ಅವರು ನನಗಾಗಿಯೇ ಕಾದು ನಿಂತಿದ್ದರು. ಕೈಚೀಲದಿಂದ ಒಂದು ಹಾಳೆ ತೆಗೆದು ತೋರಿಸಿದರು. ಅದೇ ಪುಟ, ಚಾಲೈಯ ಅಂಗಡಿಯಲ್ಲಿ ಅಚ್ಚು ಹಾಕಿಸಿದ್ದು. "ಹೋದೆನು" ಎಂಬಲ್ಲಿ ಒತ್ತಕ್ಷರವೇ ಬೇಕಿಲ್ಲದ ಕಡೆ ಮುಕ್ತಾ ಒಂದು ಒತ್ತು ಹಾಕಿದ್ದಳು. ಎದ್ದು ಕಾಣುವ ತಪ್ಪು. ಅದನ್ನು ತಿದ್ದಿರಲಿಲ್ಲ. ಹಾಳೆಯಲ್ಲಿ ಎಲ್ಲೂ ಕೆಂಪು ಇರಲಿಲ್ಲ.

ನಾನು ಕ್ಷಮೆ ಕೇಳಲು ಬಾಯಿ ತೆರೆದೆ. ಅವರು ಹಾಳೆಯನ್ನು ಮಡಿಸಿ ಒಳಗಿಟ್ಟರು.

"ನೀವು ಇನ್ನಷ್ಟು ದಿನಾ ರಿಪೇರಿ ಮಾಡ್ರಿ," ಎಂದರು.

ಮಾಡಿದೆ. ಗಿರಿಜಾ ಅವರಿಗೆ ಮತ್ತೆ ಕೊಚ್ಚಿಗೆ ವರ್ಗವಾಗುವವರೆಗೂ ನಾನು ಸಂಜೆ ಆಗಾಗ ಕೆಳಗಿಳಿದು, ಏನೂ ಕೆಟ್ಟಿರದ ಯಂತ್ರದ ಹಿಂದೆ ಒಂದಿಷ್ಟು ಹೊತ್ತು ಮಲಗಿ, ಒಂದು ಕೇಬಲ್ ಎಳೆದು, ಅದನ್ನೇ ಮತ್ತೆ ಸಿಕ್ಕಿಸಿ ಬರುತ್ತಿದ್ದೆ. ಕಚೇರಿಯಲ್ಲಿ ಬಸವರಾಜರ ಪ್ರಿಂಟರ್ ಸುದ್ದಿ ಹಬ್ಬಿತು. ಡಾಕ್ಟರ್ ಕೈಲಿ ಆಗದ ಕೇಸು ಎಂದು ಗೆಳೆಯರು ಆಡಿಕೊಂಡರು. ನನ್ನ ಹೆಸರಿಗೆ ಬಿದ್ದ ಆ ಏಟಿಗೆ ನಾನು ಉತ್ತರ ಕೊಡುವಂತಿರಲಿಲ್ಲ. ಬಡಾಯಿ ಕೊಚ್ಚಿಕೊಳ್ಳಲು ಅಷ್ಟು ಒಳ್ಳೆಯ ರಿಪೇರಿ ನನ್ನ ಜೀವಮಾನದಲ್ಲಿ ಅದೊಂದೇ, ಅದನ್ನು ಹೇಳಿಕೊಳ್ಳಲಾಗಲಿಲ್ಲ ಎಂಬುದು ಆಗ ನಿಜವಾಗಿಯೂ ಉರಿಯುತ್ತಿತ್ತು.

ಈಗ ನಾನೂ ತಿರುವನಂತಪುರದವನಾಗಿದ್ದೇನೆ. ನಿನ್ನೆ ಪಕ್ಕದ ಮನೆಯ ನಾಯರ್ ಸಾರ್ ಕರೆದರು. ಫೋನಿನ ಯಾವುದೋ ಹೊಸ ಅಪ್‌ಡೇಟ್ ಬಂದ ಮೇಲೆ ಪ್ರಿಂಟರ್ ಅದರ ಮಾತು ಕೇಳುತ್ತಿಲ್ಲವಂತೆ. ಅವರ ಹೆಂಡತಿ ಮಗಳ ಬಾಣಂತನಕ್ಕೆಂದು ದೋಹಾಕ್ಕೆ ಹೋಗಿ ತಿಂಗಳುಗಳಾಗಿವೆ. ಹೋದೆ. ಕುರ್ಚಿ ಎಳೆದು ಕೂತೆ. ಯಂತ್ರದ ಹೆಸರನ್ನು ಫೋನಿನಿಂದ ಒಮ್ಮೆ ಅಳಿಸಿ, ಮತ್ತೆ ಸೇರಿಸಿದೆ. ಅಷ್ಟಕ್ಕೇ ಸರಿಯಾಯಿತು. ಸಾರ್ ಅಡಿಗೆಮನೆಯಲ್ಲಿ ನನಗೆ ಬೆನ್ನು ಮಾಡಿ ಚಹಾ ಕಾಯಿಸುತ್ತಿದ್ದರು. ತಾವು ಚಿಕ್ಕಂದಿನಲ್ಲಿ ಪದ್ಮನಾಭಪುರದ ಕಡೆ ಈಜಲು ಕಲಿತ ಕೆರೆಯ ಕಥೆ ಹೇಳುತ್ತಿದ್ದರು. ಅಣ್ಣ ತಮ್ಮನ್ನು ನೀರಿಗೆ ತಳ್ಳಿದಲ್ಲಿಗೆ ಬಂದಿದ್ದರು. ನಡುವೆ ನಿಲ್ಲಿಸಿ, "ಶರಿಯಾಯೋ?" ಎಂದು ಕೇಳಿದರು.

"ಇಲ್ಲ ಸಾರ್, ಸ್ವಲ್ಪ ಹೊತ್ತು ಹಿಡಿಯುತ್ತೆ. ನೀವು ಹೇಳಿ, ಆಮೇಲೆ?" ಎಂದೆ.